ಈ ಹಾಡನ್ನು ಕೇಳಬಯಸಿದವರು

ಈಗಿನ ಜಾರ್ಖಂಡದ ಕೋಡರ್ಮಾ ಜಿಲ್ಲೆಯಲ್ಲಿ ಝುಮ್ರಿ ತಲೈಯಾ ಎಂಬ ಊರಿದೆ. ನಮ್ಮ ಕಡೆ ಕಾಗೆಬಂಗಾರ ಅನ್ನುತ್ತಾರಲ್ಲ, ಆ ಅಭ್ರಕದ ಗಣಿಗಳಿಂದ ಬೆಳೆದ ಊರು. ಆದರೆ ಅದು ದೇಶಕ್ಕೆಲ್ಲ ಪರಿಚಯವಾದದ್ದು ಗಣಿಗಳಿಂದಲ್ಲ, ಅಂಚೆ ಕಾರ್ಡುಗಳಿಂದ. ರೇಡಿಯೋದಲ್ಲಿ ಹಿಂದಿ ಚಿತ್ರಗೀತೆಗಳ ಕೋರಿಕೆ ಕಾರ್ಯಕ್ರಮ ಹಚ್ಚಿದರೆ ಸಾಕು, ಆ ಊರಿನ ಒಂದಿಷ್ಟು ಹೆಸರುಗಳು ಬಂದೇ ಬರುತ್ತಿದ್ದವು. ಇಂಥದೊಂದು ಊರು ನಿಜಕ್ಕೂ ಇಲ್ಲ, ಉದ್ಘೋಷಕರು ಕಟ್ಟಿಕೊಂಡದ್ದು ಎಂದೇ ಎಷ್ಟೋ ಜನ ತಿಳಿದಿದ್ದರು. ತನಗೆ ಮೆಚ್ಚಿಗೆಯಾದ ಹಾಡನ್ನು ಕಂಡರಿಯದ ಸಾವಿರಾರು ಜನರಿಗೆ ಕೇಳಿಸುವ ಈ ಹುಚ್ಚು ಬೆಳೆದ ಹಿನ್ನೆಲೆಯಲ್ಲಿ ಒಬ್ಬ ಮಂತ್ರಿಯ ಹಟದ ಕತೆಯಿದೆ.

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಶಾಸ್ತ್ರೀಯ ಸಂಗೀತದ ಮೇಲೆ ಅಪಾರ ಒಲವಿದ್ದವರು. ಸಿನಿಮಾ ಹಾಡುಗಳು ಪಶ್ಚಿಮದ ಗುಂಗಿಗೆ ಬಿದ್ದು ಹಗುರಾಗುತ್ತಿವೆ, ಸರ್ಕಾರಿ ರೇಡಿಯೋ ಜನರ ಅಭಿರುಚಿಯನ್ನು ತಿದ್ದಬೇಕು ಎಂಬುದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಚಿತ್ರಗೀತೆಗಳ ಪಾಲನ್ನು ಬಹಳವಾಗಿ ಇಳಿಸಿದರು. ಸಿನಿಮಾದ ಹೆಸರು ಹೇಳುವುದು ಜಾಹೀರಾತಾಗುತ್ತದೆ ಎಂದು ಅದಕ್ಕೂ ಕತ್ತರಿ ಬಿತ್ತು. ಕೆರಳಿದ ನಿರ್ಮಾಪಕರು ತಮ್ಮ ಹಾಡುಗಳನ್ನು ಪ್ರಸಾರ ಮಾಡುವ ಪರವಾನಗಿಯನ್ನೇ ಹಿಂದಕ್ಕೆ ಪಡೆದರು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಿ, ದುಡ್ಡು ಸುರಿದು ರೇಡಿಯೋ ತಂದವರ ಮನೆಯಲ್ಲಿ ಅವರು ಬಯಸಿದ ಹಾಡೇ ಇಲ್ಲವಾಯಿತು.

ಆಗ ನೆರವಿಗೆ ಬಂದದ್ದು ಸಮುದ್ರದಾಚೆಯ ಕೊಲಂಬೊ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ಸೈನಿಕರಿಗೆಂದು ಬ್ರಿಟಿಷರು ಸಿಲೋನಿನಲ್ಲಿ ಒಂದು ರೇಡಿಯೋ ಕೇಂದ್ರ ನಡೆಸಿದ್ದರು. ಯುದ್ಧ ಮುಗಿದ ಮೇಲೆ ಅದರ ಬಲವಾದ ಶಾರ್ಟ್‌ವೇವ್ ಪ್ರೇಷಕ ರೇಡಿಯೋ ಸಿಲೋನಿನ ಪಾಲಿಗೆ ಬಂತು. ಸೈನ್ಯಕ್ಕಾಗಿ ಕಟ್ಟಿದ ಯಂತ್ರ ಲತಾ, ರಫಿ, ಮುಕೇಶರ ಹಾಡುಗಳನ್ನು ಭಾರತದ ಮೂಲೆಮೂಲೆಗೆ ತಲುಪಿಸತೊಡಗಿತು. 1952ರ ಡಿಸೆಂಬರ್ 3ರಂದು ಅಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಹಲ್ಲುಪುಡಿ, ಟೂತ್‌ಪೇಸ್ಟಿನ ಕಂಪನಿಯೊಂದರ ಪ್ರಾಯೋಜನೆ. ಮುಂಬಯಿಯಲ್ಲಿ ಧ್ವನಿಮುದ್ರಿಸಿದ ಟೇಪು ವಿಮಾನ ಹತ್ತಿ ಕೊಲಂಬೊಗೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ಮತ್ತೆ ಇಲ್ಲಿಗೇ ಬರುತ್ತಿತ್ತು. ಆ ದನಿಯ ಒಡೆಯ ಅಮೀನ್ ಸಯಾನಿಗೆ ಆಗಿನ್ನೂ 20 ತುಂಬಿರಲಿಲ್ಲ.

ಮೊದಲಿಗೆ ಅದೊಂದು ಸ್ಪರ್ಧೆ. ಏಳು ಹಾಡುಗಳನ್ನು ಹಿಂದುಮುಂದಾಗಿ ಹಾಕುತ್ತಿದ್ದರು. ಬಂದ ಕಾಲಕ್ಕೆ ಸರಿಯಾಗಿ ಜೋಡಿಸಿ ಬರೆದವರಿಗೆ 100 ರೂಪಾಯಿ ಬಹುಮಾನ. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರಗಳು ಬಂದವೆಂದು ಸಯಾನಿಯವರೇ ಹೇಳಿಕೊಂಡಿದ್ದಾರೆ. ಅಷ್ಟು ಕಾಗದ ಓದಿ ಮುಗಿಸಲಾಗದೆ ಸ್ಪರ್ಧೆಯನ್ನು ಕೈಬಿಟ್ಟು, ವಾರದ ಜನಪ್ರಿಯ ಹಾಡುಗಳಿಗೆ ಮೆಟ್ಟಿಲು ಕಟ್ಟುವ ಪದ್ಧತಿ ತಂದರು.

ಮೆಟ್ಟಿಲು ಕಟ್ಟಿದ ಕೂಡಲೇ ಹತ್ತುವವರ ನೂಕುನುಗ್ಗಲೂ ಶುರು. ಮೊದಲು ರೆಕಾರ್ಡ್ ಅಂಗಡಿಗಳ ಮಾರಾಟ ನೋಡಿ ಪಟ್ಟಿ ಮಾಡುತ್ತಿದ್ದರು. ಹಾಡನ್ನು ಮೇಲೇರಿಸಲು ಒಳದಾರಿ ಹುಡುಕುವವರು ಹುಟ್ಟಿಕೊಂಡರು. ಹಾಗಾಗಿ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಳ್ಳಬೇಕಾಯಿತು. ಹಳೆಯ ಕಾಲದಲ್ಲಿ ಮೆಚ್ಚುಗೆ ಶುದ್ಧವಾಗಿತ್ತು, ಈಗ ಮಾತ್ರ ವ್ಯಾಪಾರ ಹೊಕ್ಕಿದೆ ಎಂದು ಹಲುಬುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ‘ಈ ಹಾಡು ಕೇಳಿ’ ಎಂಬ ಮಾತಿನ ಬೆನ್ನಿಗೆ ಟೂತ್‌ಪೇಸ್ಟ್ ಆಗಲೂ ಇತ್ತು.

ಸರ್ಕಾರ ಕೊನೆಗೆ ಮಣಿಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಹೊರಗಟ್ಟಿದ ಹಾಡುಗಳು ಮುಂಬಾಗಿಲಿನಿಂದಲೇ ಒಳಗೆ ಬಂದವು. ಹಾಗೆಂದು ಕೇಸ್ಕರರನ್ನು ಬರೀ ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಅನ್ಯಾಯ. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು ಅವರ ಕಾಲದಲ್ಲೇ, 1952ರಲ್ಲಿ. ಕರ್ನಾಟಕ ಸಂಗೀತದ ವಿದ್ವಾಂಸರು ಉತ್ತರದವರಿಗೂ ಹಿಂದೂಸ್ತಾನಿ ಉಸ್ತಾದರು ದಕ್ಷಿಣದವರಿಗೂ ಟಿಕೆಟ್ಟಿಲ್ಲದೆ ಕೇಳಿಸಿದ್ದು ಅದರಿಂದ. ಚಿತ್ರಗೀತೆಗೆ ಪರ್ಯಾಯವಾಗಿ ಆಕಾಶವಾಣಿ ಕವಿತೆಗಳಿಗೆ ರಾಗ ಹಾಕಿಸಿ ಹಾಡಿಸಿತು. ಅದಕ್ಕೆ ಸಿಕ್ಕ ಹೆಸರು ಸುಗಮ ಸಂಗೀತ. ‘ಆಕಾಶವಾಣಿ’ ಎಂಬ ಹೆಸರನ್ನು 1935ರಲ್ಲೇ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ನಡೆಸಿದ ಎಂ.ವಿ. ಗೋಪಾಲಸ್ವಾಮಿಯವರ ಮೂಲಕ ದೇಶಕ್ಕೆ ಕೊಟ್ಟ ಕನ್ನಡನಾಡು, ಭಾವಗೀತೆಯ ರೂಪದಲ್ಲಿ ಈ ಪರ್ಯಾಯವನ್ನೂ ತನ್ನದಾಗಿಸಿಕೊಂಡಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಕವಿತೆ ಪುಸ್ತಕವಿಲ್ಲದ ಮನೆಗಳಿಗೂ ಹೋಯಿತು.

ಕ್ಯಾಸೆಟ್ಟು ಬಂದ ಮೇಲೆ ಮಂತ್ರಿಯೂ ಬೇಡ, ಉದ್ಘೋಷಕನೂ ಬೇಡ ಎಂಬ ಸ್ಥಿತಿ ಬಂತು. ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿಗಳು ಪೇಟೆಬೀದಿಗಳಲ್ಲಿ ಎದ್ದವು. ಕಾನೂನಿನ ಪ್ರಕಾರ ಅದು ತಪ್ಪೇ. ಆದರೆ ಒಂದು ಮಗ್ಗುಲಿಗೆ ರಾಜ್‌ಕುಮಾರ್ ಹಾಡು, ಇನ್ನೊಂದು ಮಗ್ಗುಲಿಗೆ ಭೀಮಸೇನ ಜೋಶಿಯವರ ದಾಸವಾಣಿ ಎಂದು ತುಂಬಿಸಿ, ಗೆಳೆಯನಿಗೋ ಮದುವೆಯಾಗಿ ಹೋದ ತಂಗಿಗೋ ಕೊಟ್ಟವರಿಗೆ ಪ್ರಕಾರಗಳ ಗೋಡೆ ಕಾಣಲಿಲ್ಲ. ಆ ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದ ಪಟ್ಟಿಯನ್ನು ಕೊಟ್ಟವರ ಅಕ್ಷರದಿಂದಲೇ ಗುರುತಿಸಬಹುದಿತ್ತು.

ಇವತ್ತು ಫೋನೇ ನಮಗೆ ಹಾಡು ಸೂಚಿಸುತ್ತದೆ. ನಾನು ನಿನ್ನೆ ಏನು ಕೇಳಿದೆ ಎಂದು ನೋಡಿ ಅದರ ಅಣ್ಣತಮ್ಮಂದಿರನ್ನೇ ಇವತ್ತು ತಂದು ನಿಲ್ಲಿಸುತ್ತದೆ. ಅದು ಕೆಟ್ಟದ್ದೇನಲ್ಲ, ಎಷ್ಟೋ ಮರೆತ ಹಾಡುಗಳು ಹಾಗೆ ಸಿಕ್ಕಿವೆ. ಆದರೆ ಕೋರಿಕೆ ಕಾರ್ಯಕ್ರಮದಲ್ಲಿ ಒಂದು ಬಲವಂತವಿತ್ತು. ನಮ್ಮ ಹೆಸರು ಬರುವ ತನಕ ಬೇರೆಯವರ ಹಾಡನ್ನು ಕೇಳುತ್ತಾ ಕೂರಲೇಬೇಕು. ಹಾಡಿಗಿಂತ ಮೊದಲು ಅದನ್ನು ಬಯಸಿದವರ ಹೆಸರು, ಊರು ಕಿವಿಗೆ ಬೀಳುತ್ತಿದ್ದವು. ನಮ್ಮ ರುಚಿಗೆ ಒಗ್ಗದ ಹಾಡಾದರೂ, ಅದನ್ನು ಕೇಳಬೇಕೆಂದು ದುಡ್ಡು ಕೊಟ್ಟು ಕಾರ್ಡು ಬರೆದ ಒಂದು ಜೀವ ಎಲ್ಲೋ ಇದೆ ಎಂದು ತಿಳಿದ ಮೇಲೆ ಅದನ್ನು ಸುಲಭಕ್ಕೆ ತೆಗೆದುಹಾಕಲು ಬರುತ್ತಿರಲಿಲ್ಲ.

ಮೇಲಿನಿಂದ ತಿದ್ದಹೊರಟ ಕೇಸ್ಕರರು ಕೈಸೋತದ್ದು ಇಲ್ಲೇ. ಒಂದು ಹಾಡಿಗೆ ಕಿವಿಗೊಡುವಂತೆ ಮಾಡಲು ಸರ್ಕಾರದ ಆದೇಶಕ್ಕೆ ಆಗದ್ದು ಅಭ್ರಕದ ಊರಿನ ಅಂಚೆ ಕಾರ್ಡಿಗೆ ಆಯಿತು. ಈಗಲೂ ಯಾರಿಗಾದರೂ ಹಾಡಿನ ಲಿಂಕ್ ಕಳಿಸುವಾಗ ಅದನ್ನು ಮೊದಲು ಎಲ್ಲಿ ಕೇಳಿದಿರಿ, ಯಾಕೆ ಅವರಿಗೇ ಕಳಿಸಬೇಕೆನಿಸಿತು ಎಂದು ಎರಡು ಸಾಲು ಸೇರಿಸಿ ನೋಡಿ. ಅವರು ಅದನ್ನು ಕೊನೆಯವರೆಗೂ ಕೇಳುವ ಸಾಧ್ಯತೆ ಹೆಚ್ಚು.