ಕಾರೋಣ ತೆರೆ

ಕೊಡಗಿನ ಕೊಡವ ಕುಟುಂಬಗಳು ತೀರಿಹೋದ ಹಿರಿಯರನ್ನು ಆವಾಹಿಸಿ ಅವರ ವಾಕ್ಕು ಕೇಳುವ ಆಚರಣೆ. ಸತ್ತವರನ್ನು ಮಾತಾಡಿಸುವ ಪದ್ಧತಿ ಹಳೆಯ ಲೋಕದ ಹಲವೆಡೆ ಇತ್ತು. ಬೈಬಲಿನ ಸಮುವೇಲನ ಮೊದಲ ಗ್ರಂಥದಲ್ಲಿ ಸೌಲ ರಾಜ ವೇಷ ಮರೆಸಿಕೊಂಡು, ರಾತ್ರಿ ಹೊತ್ತಿನಲ್ಲಿ, ಏಂದೋರಿನ ಹೆಂಗಸಿನ ಮೂಲಕ ಸತ್ತ ಪ್ರವಾದಿ ಸಮುವೇಲನನ್ನು ಎಬ್ಬಿಸುತ್ತಾನೆ. ಸತ್ತವರನ್ನು ಎಬ್ಬಿಸುವ ಅಂಥವರನ್ನು ನಾಡಿನಿಂದ ಹೊರಗಟ್ಟಿದವನೂ ಅವನೇ. ಮೋಶೆಯ ಧರ್ಮಶಾಸ್ತ್ರವೂ ಈ ಪದ್ಧತಿಯನ್ನು ನಿಷೇಧಿಸಿತ್ತು. ಕೊಡಗಿನಲ್ಲಿ ಇದೇ ಕೆಲಸ ನಡೆಯುವುದು ಮನೆಮಂದಿಯೆಲ್ಲ ಸೇರಿದ ಅಂಗಳದಲ್ಲಿ.

ಕೊಡವರ ಒಕ್ಕ ಎಂದರೆ ತಂದೆಯ ಕಡೆಯಿಂದ ಬಂದ, ಒಂದೇ ಮನೆಹೆಸರಿನ ಕುಲ. ಅದರ ಮೂಲಪುರುಷ ಗುರು ಕಾರೋಣ. ಐನ್‌ಮನೆಯ (ಒಕ್ಕದ ಮೂಲಮನೆಯ) ಬಳಿಯ ಕೈಮಡ ಎಂಬ ಪುಟ್ಟ ಗುಡಿ ಅವನ ನೆಲೆ. ‘ಕಾರೋಣಂಗ್ ಕೊಡ್‌ಪ’ (ಕಾರೋಣನಿಗೆ ಕೊಡುವ) ದಿನ ಬಾಳೆಲೆಯ ಮೇಲೆ ಅನ್ನ, ಕೋಳಿ ಸಾರು, ಪಕ್ಕದಲ್ಲೇ ಸಾರಾಯಿ ಇಡುತ್ತಾರೆ. ಈ ಎಡೆಗೆ ಮೀದಿ ಎಂದು ಹೆಸರು. ಬ್ರಾಹ್ಮಣ ಪುರೋಹಿತರು ಬೇಕಿಲ್ಲ. ಒಕ್ಕದವರೇ ಇಟ್ಟು, ಆಮೇಲೆ ಅವರೇ ಉಣ್ಣುತ್ತಾರೆ. ಬದುಕಿದ್ದಾಗ ಅಜ್ಜ ಏನು ಇಷ್ಟಪಡುತ್ತಿದ್ದನೋ ಅದನ್ನೇ ಬಡಿಸುವ ಈ ಸಲಿಗೆ ಮನಸ್ಸಿಗೆ ನಾಟುತ್ತದೆ.

ತೆರೆ ಕಟ್ಟಿಸಿದರೆ ಕಾರೋಣ ಬರಿಯ ಎಡೆಗೆ ನಿಲ್ಲದೆ ಮಾತಿಗೂ ಇಳಿಯುತ್ತಾನೆ. ವೇಷ ಕಟ್ಟಿದವನ ಮೈಮೇಲೆ ದೈವ ಬರುವ ಮಲಬಾರಿನ ತೆಯ್ಯಕ್ಕೆ ಕೊಡವ ಭಾಷೆಯಲ್ಲಿ ತೆರೆ ಎನ್ನುತ್ತಾರೆ. ಬಣ್ಣ, ಪಣಿಕ, ಮಲೆಯ ಮುಂತಾದ ಸಮುದಾಯಗಳವರು ಇದನ್ನು ಕಟ್ಟುತ್ತಾರೆ. ಮೈಮೇಲೆ ಬಂದವನ ಎದುರು ಒಕ್ಕದ ಹಿರಿಯರು ಕೈಮುಗಿದು ನಿಂತು ರೋಗ, ಜಗಳ, ಮರೆತ ಹರಕೆಗಳ ಕಾರಣ ಕೇಳುತ್ತಾರೆ. ಬಯ್ಗುಳವೂ ಬರಬಹುದು, ಅಭಯವೂ ಬರಬಹುದು. ಹಿರಿಯ ಸಿಟ್ಟಾದರೂ ತಮ್ಮವನೇ ಎಂಬ ಭರವಸೆ ಇಲ್ಲಿದೆ.

1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1870ರಲ್ಲಿ ಕೊಡಗಿನ ಕೈಪಿಡಿ ಪ್ರಕಟಿಸಿದ ರಿಕ್ಟರ್ ಮುಂತಾದ ಮಿಷನರಿಗಳ ಕಣ್ಣಿಗೆ ಇಂಥ ಆರಾಧನೆ ಭೂತಪೂಜೆಯಾಗಿ ಕಂಡಿತು. ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡು, ಪದ್ಧತಿಗಳನ್ನು ಒಳಗಿನವರಾಗಿ ದಾಖಲಿಸಿದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ ಬರೆದ 1952ರ ಗ್ರಂಥ ಹಿರಿಯರ ಪೂಜೆಯನ್ನು ಒಕ್ಕದ ಒಗ್ಗಟ್ಟಿನೊಂದಿಗೆ ಜೋಡಿಸಿ ಓದಿತು; ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸುವ ಸಂಸ್ಕೃತೀಕರಣ ಎಂಬ ಅವರ ಪ್ರಸಿದ್ಧ ಪರಿಕಲ್ಪನೆ ರೂಪು ಪಡೆದದ್ದೂ ಅಲ್ಲೇ.

ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದವರು ಈಗಲೂ ಕೊಡುವ ದಿನಕ್ಕೆ ಐನ್‌ಮನೆಗೆ ಬರುತ್ತಾರೆ. ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ತೂಗುದೀಪ ಹೊತ್ತಿಸಿ, ಅಕ್ಕಿ ಹಾಕಿ, ಕಾರೋಣನ ಹೆಸರು ಹೇಳಿ ಕೈಮುಗಿಯುತ್ತಾರೆ.