ಮಲೆನಾಡಿನಲ್ಲಿ ಅಂಗವಿಕಲರ ಸೇವೆ ನಡೆದು ಬಂದ ದಾರಿ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಗೋಪುರ, ಗಂಟೆ, ಗುರುಪರಂಪರೆಗಳ ವಿಚಾರ ಬರೆಯುವುದು ವಾಡಿಕೆ. ಪೂಜೆಗೆ ನಡೆದು ಬರಲಾರದವರಿಗಾಗಿ ಧರ್ಮಸಭೆ ಕೈಗೊಂಡ ಸೇವೆಯ ಚರಿತ್ರೆಯೂ ಇಲ್ಲಿ ಸೇರಬೇಕೆಂಬುದು ನಮ್ಮ ಅಪೇಕ್ಷೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ವಿಶ್ವಾಸಿಗಳಿಗೆ ಇದು ದೂರದ ವಿಷಯವಲ್ಲ.

ಕನ್ನಡ ನಾಡಿನಲ್ಲಿ ಈ ಸೇವೆಯ ಹಳೆಯ ಬೇರೊಂದು ಘಟ್ಟದ ಕೆಳಗಿದೆ. ಜರ್ಮನಿಯಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನೂ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನೂ ತೆರೆದರು. 1910ರಲ್ಲಿ ಅವರು ದೈವಾಧೀನರಾದರು. ನೊಂದವರನ್ನು ಕರೆತಂದು ಒಂದೇ ಸೂರಿನಡಿ ಸಲಹುವುದು ಅಂದಿನ ಮಾದರಿ. ಈಗ ಅದನ್ನು ಹಗುರವಾಗಿ ಕಾಣುವವರುಂಟು. ನಾವು ಹಾಗೆ ಕಾಣಲಾರೆವು. ಮನೆಯವರೇ ಹೊರಗಟ್ಟಿದವನಿಗೆ ಸೂರೇ ಮೊದಲ ಮದ್ದು.

ಮಲೆನಾಡಿನ ಸಮಸ್ಯೆ ಬೇರೆ ಬಗೆಯದು. ಇಲ್ಲಿ ಒಂದು ಮನೆ ತೋಟದ ಅಂಚಿನಲ್ಲಿದ್ದರೆ ಇನ್ನೊಂದು ಹಳ್ಳದಾಚೆ, ನಡುವೆ ಸಂಕ. ಮಳೆಗಾಲದಲ್ಲಿ ಗಟ್ಟಿಮುಟ್ಟಾದವರಿಗೇ ಆ ದಾರಿ ಕಷ್ಟ. ದಾನವಾಗಿ ಬಂದ ಗಾಲಿಕುರ್ಚಿ ಅಂಗಳ ದಾಟಲಾರದು.

ಸಾಗರದ ಸಮೀಪದ ಹಂದಿಗೋಡಿನ ಕಥೆಯನ್ನು ಇಲ್ಲಿ ನೆನೆಯಲೇಬೇಕು. 1975ರ ಸುಮಾರಿಗೆ ಬೆಳಕಿಗೆ ಬಂದ ಆ ಕಾಯಿಲೆ ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಸವೆಸುತ್ತದೆ. ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ, ಕೆಲವರು ತೆವಳಬೇಕಾಗುತ್ತದೆ. ಅದಕ್ಕೆ ತುತ್ತಾದವರು ಬಹುಪಾಲು ದಲಿತ ಕೂಲಿಕಾರ್ಮಿಕರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ಇವುಗಳ ಮೇಲೆ ಮೊದಲು ಶಂಕೆ ಮೂಡಿತು. ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷವಿದೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಪಂಡಿತರು ಬಂದರು, ರಕ್ತ ಪರೀಕ್ಷಿಸಿದರು, ಪ್ರಬಂಧಗಳನ್ನು ಬರೆದರು. ರೋಗವನ್ನು ಬೇರುಸಹಿತ ಕೀಳುವ ಔಷಧ ಮಾತ್ರ ಬರಲಿಲ್ಲ. ಮದ್ದಿಲ್ಲದ ಕಡೆ ಸೇವೆ ಎಂದರೇನು ಎಂಬ ಪ್ರಶ್ನೆ ನಮ್ಮ ಮುಂದೆ ನಿಂತದ್ದು ಹೀಗೆ.

1978ರ ಆಲ್ಮಾ ಆಟಾ ಘೋಷಣೆಯ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಬೆಳೆಸಿದ ಸಮುದಾಯ ಆಧಾರಿತ ಪುನರ್ವಸತಿ ಇದಕ್ಕೊಂದು ಉತ್ತರ. ಅಂಗವಿಕಲನನ್ನು ಊರಿನಿಂದ ಒಯ್ಯುವ ಬದಲು ಊರನ್ನೇ ಅವನ ನೆರವಿಗೆ ನಿಲ್ಲಿಸುವುದು ಅದರ ತಿರುಳು. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಪೀಡಿತನನ್ನು ಹೊತ್ತು ತಂದು ಮಾಡಿನಿಂದ ಇಳಿಸಿದ ಆ ನಾಲ್ವರು ಮಾಡಿದ್ದೂ ಇದನ್ನೇ ಅಲ್ಲವೇ? ಕಾರ್ಯಕರ್ತೆ ಮನೆಗೇ ಹೋಗಿ ತಾಯಿಗೆ ವ್ಯಾಯಾಮ ಕಲಿಸುತ್ತಾಳೆ. ಅಂಗಳದಲ್ಲಿ ಅಡಕೆ ದಬ್ಬೆಗಳನ್ನು ಕಟ್ಟಿದರೆ ಮಗು ಹಿಡಿದು ನಡೆಯಲು ಆಸರೆಯಾಗುತ್ತದೆ.

ನಮ್ಮ ಜಿಲ್ಲೆ ಮೈಸೂರು ಧರ್ಮಪ್ರಾಂತ್ಯದಿಂದ 1963ರಲ್ಲಿ ಚಿಕ್ಕಮಗಳೂರಿಗೆ ಸೇರಿತು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವೇ ಸ್ಥಾಪನೆಯಾಗಿ ಪರಮಪೂಜ್ಯ ಇಗ್ನೇಷಿಯಸ್ ಪಿಂಟೋ ಅವರು ಪ್ರಥಮ ಧರ್ಮಾಧ್ಯಕ್ಷರಾದರು. ಧರ್ಮಪ್ರಾಂತ್ಯದ ಬಹೂದ್ದೇಶ ಸಮಾಜ ಸೇವಾ ಸಂಸ್ಥೆ ಈ ಬಗೆಯ ಸೇವೆಯನ್ನು ಮಲೆನಾಡಿನ ತಾಲ್ಲೂಕುಗಳಿಗೆ ತಂದಿತು. ಜಾತಿಮತಗಳ ಭೇದ ಅದಕ್ಕಿಲ್ಲ.

ಅಷ್ಟರಲ್ಲಿ ಕಾನೂನೂ ಬದಲಾಯಿತು. 1995ರ ಅಧಿನಿಯಮ 7 ಬಗೆಯ ವೈಕಲ್ಯಗಳನ್ನು ಗುರುತಿಸಿದರೆ 2016ರ ಅಧಿನಿಯಮ 21 ಬಗೆಗಳನ್ನು ಗುರುತಿಸಿತು. ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂತು. ಈ ಹೊಸ ಪದ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ವಿಕಲವಾದದ್ದು ಅಂಗವೇ ಹೊರತು ಚೇತನವಲ್ಲ. ಪದ ಹೇಗೇ ಇರಲಿ, 2016ರ ಪಟ್ಟಿಯಲ್ಲಿ ಕುಬ್ಜತೆಯೂ ಸೇರಿತು. ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಅನ್ವಯಿಸುತ್ತದೆ. ಹಂದಿಗೋಡು ಕಾಯಿಲೆಯಿಂದ ಕುಳ್ಳಾದವರಿಗೂ ಇದರಿಂದ ಒಂದು ಬಾಗಿಲು ತೆರೆಯಿತು. ಮೀಸಲಾತಿಗೆ ಬೇಕಾದ ಕನಿಷ್ಠ ಶೇಕಡ 40ರ ಪ್ರಮಾಣಪತ್ರವನ್ನು ವೈದ್ಯರ ಮುಂದೆ ಹಾಜರಾಗಿಯೇ ಪಡೆಯಬೇಕು. ಕೀಲು ಸವೆದವನನ್ನು ಹಳ್ಳ ದಾಟಿಸಿ, ಬಸ್ಸು ಹತ್ತಿಸಿ ಆಸ್ಪತ್ರೆಗೆ ಮುಟ್ಟಿಸಲು ಜೊತೆಗೆ ಒಬ್ಬರು ಬೇಕೇ ಬೇಕು.