ಕಡತದಿಂದ ಗಣಕಕ್ಕೆ: ದಾದಿಯರ ಬರವಣಿಗೆಯ ಚರಿತ್ರೆ

‘ಕಡತ’ ಎಂಬುದು ಕನ್ನಡದ ಹಳೆಯ ಮಾತು. ನಮ್ಮ ಹಿರಿಯರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಬಟ್ಟೆ ಹೋಗಿ ಕಾಗದ ಬಂದಿತು. ಹೆಸರು ಮಾತ್ರ ಉಳಿಯಿತು. ಬರೆಯುವ ವಸ್ತು ಬದಲಾದರೂ ಬರೆದುದರಲ್ಲಿ ಜನರಿಡುವ ನಂಬಿಕೆ ಉಳಿಯಬೇಕು. ಅಂತಹುದೇ ಒಂದು ಬದಲಾವಣೆ ಇಂದು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ದಾದಿಯರ ಕೈಯಲ್ಲಿ ನಡೆಯುತ್ತಿದೆ. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸುತ್ತೇವೆ.

ರೋಗಿಯ ಸ್ಥಿತಿಯನ್ನು ನೋಡಿದೊಡನೆ ಬರೆದಿಡುವುದು ಶುಶ್ರೂಷೆಯ ಒಂದು ಅಂಗವೇ ಸರಿ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲರು, ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯಲ್ಲಿ ಅಂಕಿ-ಅಂಶಗಳನ್ನು ಇಡಬೇಕೆಂದು ಮುಂದೆ ವಾದಿಸಿದರು. ನಮ್ಮ ಮದರಾಸು ಆಧಿಪತ್ಯದಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯು 1926ರಲ್ಲಿ ಬಂದು, ಆ ವೃತ್ತಿಗೆ ಕಾನೂನಿನ ಆಧಾರ ದೊರೆಯಿತು. ಜ್ವರ, ನಾಡಿ, ಉಸಿರು ಇವುಗಳ ಗೆರೆಯೆಳೆದ ಹಾಳೆಯು ಮಂಚದ ಕಾಲ್ದೆಸೆಯಲ್ಲಿ ತೂಗುತ್ತಿದ್ದಿತು. ಎಷ್ಟೋ ಆಸ್ಪತ್ರೆಗಳಲ್ಲಿ ಹಗಲಿನ ಪಾಳಿಯವರು ನೀಲಿ ಮಸಿಯಲ್ಲೂ ಇರುಳಿನವರು ಕೆಂಪು ಮಸಿಯಲ್ಲೂ ಬರೆಯುತ್ತಿದ್ದರು. ಪಾಳಿ ಮುಗಿಸಿ ಹೋಗುವವಳು ಬರುವವಳಿಗೆ ಒಪ್ಪಿಸುತ್ತಿದ್ದುದು ರೋಗಿಯನ್ನಷ್ಟೇ ಅಲ್ಲ, ಆ ಬರವಣಿಗೆಯನ್ನೂ ಕೂಡ.

ಹಳ್ಳಿಗಳಲ್ಲಿ ಈ ಭಾರವು ಗ್ರಾಮ ಆರೋಗ್ಯ ದಾದಿಯ ಮೇಲಿದ್ದಿತು. ಗರ್ಭಿಣಿಯರಿಗೊಂದು ವಹಿ, ಮಕ್ಕಳ ಚುಚ್ಚುಮದ್ದಿಗೊಂದು ವಹಿ, ದಂಪತಿಗಳಿಗೊಂದು ವಹಿ. ತಿಂಗಳ ಕೊನೆಗೆ ಅವುಗಳ ಮೊತ್ತ ತೆಗೆದು ಮೇಲಿನವರಿಗೆ ವರದಿ. ಆದರೆ ವಹಿಗೆ ಕಾಲಿಲ್ಲ, ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಗಡಿನಾಡಿನ ಕನ್ನಡಿಗರಾದ ನಮಗೆ ಇದರ ಕಷ್ಟ ಚೆನ್ನಾಗಿ ತಿಳಿದಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕಾಗಿದ್ದಿತು. ಅಂದು ಒಂದೇ ಜಿಲ್ಲೆಯೊಳಗಿದ್ದ ತವರೂ ಅತ್ತೆಮನೆಯೂ ಮರುದಿನ ಎರಡು ರಾಜ್ಯಗಳಿಗೆ ಸೇರಿದವು. ಕೊಟ್ಟು ತರುವ ನಂಟು ನಿಲ್ಲಲಿಲ್ಲ. ವಹಿ ಮಾತ್ರ ಗಡಿಯ ಈಚೆಗೇ ನಿಂತಿತು.

ತಮಿಳುನಾಡಿನಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 2005ರಲ್ಲಿ ಆರಂಭವಾದ ಆರೋಗ್ಯ ವ್ಯವಸ್ಥೆಗಳ ಯೋಜನೆಯು ಸರ್ಕಾರಿ ಆಸ್ಪತ್ರೆಗಳಿಗೆ ಗಣಕವನ್ನು ತಂದಿತು. 2008ರಲ್ಲಿ ಗರ್ಭಿಣಿಯರನ್ನೂ ಶಿಶುಗಳನ್ನೂ ಹೆಸರು ಹಿಡಿದು ನೋಡಿಕೊಳ್ಳುವ ‘ಪಿಕ್ಮೀ’ ಎಂಬ ಗಣಕ ದಾಖಲೆಯು ಬಂದಿತು. ಮರುವರ್ಷವೇ, ಎಂದರೆ 2009ರಲ್ಲಿ, ತಿರುಪ್ಪೂರು ಬೇರೆ ಜಿಲ್ಲೆಯಾಯಿತು. 2017ರ ಹೊಸ ಏರ್ಪಾಡಿನಂತೆ ಗರ್ಭಿಣಿಗೆ ದೊರೆಯುವ 12 ಅಂಕಿಗಳ ಸಂಖ್ಯೆಯು ಮಗುವಿನ ಜನನ ಪತ್ರಕ್ಕೂ ಬೇಕಾಯಿತು. ಕೇಂದ್ರ ಸರ್ಕಾರವು ವಿದ್ಯುನ್ಮಾನ ಆರೋಗ್ಯ ದಾಖಲೆಗಳಿಗೆ 2013ರಲ್ಲಿ ನಿಯಮಗಳನ್ನು ಗೊತ್ತುಮಾಡಿ, 2016ರಲ್ಲಿ ಅವುಗಳನ್ನು ತಿದ್ದಿತು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ದೇಶಾದ್ಯಂತ ಜಾರಿಗೆ ಬಂದಿತು. ಅದರ 14 ಅಂಕಿಗಳ ‘ಆಭಾ’ ಸಂಖ್ಯೆಯ ಗುರಿಯೆಂದರೆ, ರೋಗಿಯ ಒಪ್ಪಿಗೆಯಿದ್ದಲ್ಲಿ ಒಂದೂರಿನ ದಾಖಲೆಯನ್ನು ಇನ್ನೊಂದೂರಿನ ವೈದ್ಯರು ನೋಡುವಂತಾಗುವುದು. ಎಲ್ಲ ಆಸ್ಪತ್ರೆಗಳೂ ಇನ್ನೂ ಇದರೊಳಗೆ ಬಂದಿಲ್ಲ. ಆದರೂ ಗಡಿಯನ್ನು ದಾಟಬಲ್ಲ ವಹಿಯ ಕಲ್ಪನೆ ನಮಗೆ ಸಣ್ಣದಲ್ಲ.

ಈ ಬದಲಾವಣೆಯ ಭಾರವನ್ನು ಹೊತ್ತವರು ದಾದಿಯರು. ಹೊಸದು ನೆಲೆಗೊಳ್ಳುವವರೆಗೆ ಹಳೆಯದನ್ನು ಬಿಡುವಂತಿಲ್ಲ. ಆದುದರಿಂದ ಒಂದೇ ಸಂಗತಿಯನ್ನು ಕಾಗದದಲ್ಲೊಮ್ಮೆ, ಗಣಕದಲ್ಲೊಮ್ಮೆ ಬರೆಯಬೇಕು. 2012ರ ಸುಮಾರಿಗೆ ಈ ಜಿಲ್ಲೆಗಳನ್ನು ಕಾಡಿದ ವಿದ್ಯುತ್ತಿನ ಅಭಾವವನ್ನು ನಮ್ಮಲ್ಲಿ ಮರೆತವರಾರು? ಗಣಕದಿಂದ ಲಾಭವುಂಟು. ಅಕ್ಷರ ಅರ್ಥವಾಗದೆ ಔಷಧದ ಪ್ರಮಾಣ ತಪ್ಪುವ ಭಯ ಕಡಿಮೆ. ಹಳೆಯ ಹಾಳೆಗಾಗಿ ಹುಡುಕಾಟವಿಲ್ಲ. ಅಪಾಯವೂ ಉಂಟು. ನಿನ್ನೆಯ ಬರವಣಿಗೆಯನ್ನೇ ಇಂದಿಗೂ ನಕಲು ಮಾಡುವುದು ಗಣಕದಲ್ಲಿ ಬಹು ಸುಲಭ. ನಾಡಿಯನ್ನು ಹಿಡಿದು ನೋಡದೆ ಬರೆದ ಅಂಕಿ ಕಾಗದದಲ್ಲಿದ್ದರೂ ಸುಳ್ಳು, ಗಣಕದಲ್ಲಿದ್ದರೂ ಸುಳ್ಳು.

ನಮಗೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ಸಂಗತಿಯುಂಟು; ಅದು ಹೆಸರಿನದು. ತಮಿಳು ಲಿಪಿಯಲ್ಲಿ ಕ-ಗಗಳಿಗೂ ಪ-ಬ-ಭಗಳಿಗೂ ಒಂದೊಂದೇ ಅಕ್ಷರ. ನಮ್ಮ ಮನೆಯ ‘ಭಾರತಿ’ಯು ತಮಿಳಿನ ಮೂಲಕ ಇಂಗ್ಲಿಷಿಗೆ ಹೋಗುವಾಗ ಎರಡು ಮೂರು ರೂಪಗಳನ್ನು ತಾಳುತ್ತಾಳೆ. ಹಳ್ಳಿಯ ದಾದಿಯು ಮುಖ ನೋಡಿ ಗುರುತಿಸುತ್ತಿದ್ದಳು. ಗಣಕವು ಅಕ್ಷರವನ್ನು ಮಾತ್ರ ನೋಡುತ್ತದೆ. ಕಾಗುಣಿತ ಬೇರೆಯಾದರೆ ಒಬ್ಬಳೇ ತಾಯಿ ಇಬ್ಬರಾಗಿ, ಅವಳ ರಕ್ತದ ಗುಂಪು ಒಂದೆಡೆ, ಹಿಂದಿನ ಹೆರಿಗೆಯ ತೊಡಕು ಇನ್ನೊಂದೆಡೆ ಉಳಿದುಬಿಡಬಹುದು.

ಆದಕಾರಣ ನಮ್ಮ ಮನೆಗಳವರು ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಎಲ್ಲ ಪತ್ರಗಳಲ್ಲಿಯೂ ಹೆಸರಿನ ಕಾಗುಣಿತ ಒಂದೇ ಆಗಿರಲಿ. ಹೆರಿಗೆಗೆ ಗಡಿ ದಾಟುವ ಮಗಳ ಕೈಯಲ್ಲಿ ಸಂಖ್ಯೆಯೂ ಇರಲಿ, ತಾಯಿ ಕಾರ್ಡೂ ಇರಲಿ. ಗಣಕ ಬಂದಿತೆಂದು ಹಳೆಯ ಕಾಗದವನ್ನು ಒಲೆಗೆ ಹಾಕದಿರಲಿ. ದಾದಿಯು ಗಣಕದತ್ತ ತಿರುಗಿ ಕೇಳಿದಳೆಂದು ಬೇಸರಿಸದೆ ನಿಜವನ್ನು ನಿಧಾನವಾಗಿ ಹೇಳೋಣ. ದಾಖಲೆಯನ್ನು ಬರೆಯುವವಳು ಅವಳಾದರೂ, ಅದು ಸತ್ಯವಾಗಿರಬೇಕಾದರೆ ಹೇಳುವ ನಮ್ಮ ಪಾಲೂ ಅದರಲ್ಲುಂಟು.